ಬೆಕ್ಕಿಗೆ ಹೊಟ್ಟೆ ಕಟ್ಟಿದೆ, ಊಟ ಮುಟ್ಟುತ್ತಿಲ್ಲವೇ? ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು, ಯಾವಾಗ ಆಸ್ಪತ್ರೆಗೆ ಹೋಗಬೇಕು?

ಶಿವಮೊಗ್ಗ: ನಿನ್ನೆಯಿಂದ ಬೆಕ್ಕು ತಟ್ಟೆ ಹತ್ತಿರ ಬರುತ್ತೆ, ಮೂಸಿ ನೋಡುತ್ತೆ, ವಾಪಸ್ ಹೋಗಿ ಮಂಚದ ಕೆಳಗೆ ಮಲಗುತ್ತೆ. ಮರಳಿನ ಟ್ರೇನಲ್ಲಿ ಏನೂ ಇಲ್ಲ. ಇದ್ದರೂ ಆಡಿನ ಹಿಕ್ಕೆಯಂಥ ಎರಡು ಒಣ ಉಂಡೆ ಮಾತ್ರ. ‘ಬೆಕ್ಕಲ್ವಾ, ಒಂದೆರಡು ದಿನ ಉಪವಾಸ ಇದ್ರೆ ತಾನೇ ಸರಿಹೋಗುತ್ತೆ ಬಿಡಿ’ ಎಂದು ಮನೆಯ ಹಿರಿಯರು ಹೇಳುವುದುಂಟು.

ಈ ಮಾತನ್ನು ನಂಬಿ ಕೂರಬೇಡಿ. ಹೊಟ್ಟೆ ಕಟ್ಟಿದ್ದಕ್ಕೆ ಔಷಧ ಇದೆ, ಹೆಚ್ಚಿನ ಬೆಕ್ಕುಗಳು ಬೇಗ ಸುಧಾರಿಸಿಕೊಳ್ಳುತ್ತವೆ. ಆದರೆ ಬೆಕ್ಕು ದಿನಗಟ್ಟಲೆ ಊಟ ಬಿಟ್ಟರೆ ಅದರ ಲಿವರ್‌ಗೇ ಪೆಟ್ಟು ಬೀಳುತ್ತೆ. ಹಾಗಾಗಿ ಎಷ್ಟು ಗಂಟೆಯಿಂದ ತಿಂದಿಲ್ಲ, ಎಷ್ಟು ಗಂಟೆಯಿಂದ ಮಲ ಹೋಗಿಲ್ಲ, ಮೂತ್ರ ಯಾವಾಗ ಮಾಡಿದೆ, ಈ ಮೂರು ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಏನು ಮಾಡಬೇಕು ಎನ್ನುವುದು ಈ ಲೆಕ್ಕದ ಮೇಲೇ ನಿಂತಿದೆ.

ಎಷ್ಟು ಹೊತ್ತು ಕಾಯಬಹುದು?

• ಪದೇ ಪದೇ ತಿಣುಕುತ್ತಿದೆ, ಮೂತ್ರ ಬರುತ್ತಿಲ್ಲ ಅಥವಾ ಹನಿ ಹನಿ ಬರುತ್ತಿದೆ: ಕಾಯುವ ಹಾಗೇ ಇಲ್ಲ. ರಾತ್ರಿಯಾದರೂ ಡಾಕ್ಟರ್‌ಗೆ ಫೋನ್ ಮಾಡಿ.

• ಹೊಟ್ಟೆ ಕಟ್ಟಿರುವ ಜೊತೆಗೆ ವಾಂತಿ, ಹೊಟ್ಟೆ ಮುಟ್ಟಿದರೆ ಕಿರುಚುವುದು, ತೀರಾ ಮಂಕು: ಅದೇ ದಿನ ಆಸ್ಪತ್ರೆ.

• ದೊಡ್ಡ ಬೆಕ್ಕು 24 ಗಂಟೆಯಿಂದ ಏನೂ ತಿಂದಿಲ್ಲ: ಡಾಕ್ಟರ್ ಜೊತೆ ಮಾತಾಡಿ. ದಪ್ಪ ಬೆಕ್ಕಾದರೆ ಇನ್ನೂ ಬೇಗ.

• ಮರಿ ಬೆಕ್ಕು 12 ಗಂಟೆಯಿಂದ ತಿಂದಿಲ್ಲ: ತಕ್ಷಣ ತೋರಿಸಿ.

• ಊಟ, ಓಡಾಟ ಎರಡೂ ಸರಿಯಿದೆ, ಆದರೆ 48 ಗಂಟೆಯಿಂದ ಮಲ ಹೋಗಿಲ್ಲ: ತೋರಿಸಿ.

ಮೊದಲು ನೋಡಬೇಕಾದ್ದು: ಮಲವೋ, ಮೂತ್ರವೋ?

ಬೆಕ್ಕು ಟ್ರೇನಲ್ಲಿ ಕೂತು ತಿಣುಕುವುದನ್ನು ಕಂಡ ತಕ್ಷಣ ‘ಮಲಬದ್ಧತೆ’ ಅಂತ ತೀರ್ಮಾನ ಮಾಡುವುದು ಸಾಮಾನ್ಯ. ಆದರೆ ಮೂತ್ರ ಕಟ್ಟಿಕೊಂಡ ಬೆಕ್ಕೂ ಸುಮಾರು ಹೀಗೇ ಕೂತು ತಿಣುಕುತ್ತೆ. ದೂರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಹರಳು, ಮರಳಿನಂಥ ಕಣ, ಅಂಟು ಲೋಳೆ ಸಿಕ್ಕಿಹಾಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತೆ. ಆಗ ಮೂತ್ರಕೋಶ ಉಬ್ಬಿ, ಕಿಡ್ನಿ ಕೆಲಸ ನಿಲ್ಲುತ್ತಾ ಬರುತ್ತೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತೆ. ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಇಂಥ ಬೆಕ್ಕಿಗೆ ಮಲಬದ್ಧತೆ ಅಂದುಕೊಂಡು ಕುಂಬಳಕಾಯಿ ತಿನ್ನಿಸುತ್ತಾ ಕೂತರೆ ಉಳಿಸಿಕೊಳ್ಳುವ ಸಮಯ ಕೈತಪ್ಪುತ್ತೆ.

ಗುರುತಿಸುವುದು ಹೀಗೆ: ಟ್ರೇಯ ಹಳೇ ಮರಳು ತೆಗೆದು ಹೊಸದು ಹಾಕಿ. ಕೆಲವು ಗಂಟೆ ಬಿಟ್ಟು ಒದ್ದೆಯಾದ ಗಡ್ಡೆ ಇದೆಯಾ ನೋಡಿ. ಹೊರಗೆ ಓಡಾಡುವ ಬೆಕ್ಕಾದರೆ ಒಂದು ರೂಮಿನಲ್ಲಿ ಟ್ರೇ ಜೊತೆ ಇರಿಸಿ. ಮೂತ್ರದ ತೊಂದರೆ ಇದ್ದಾಗ ಬೆಕ್ಕು ಐದು ಹತ್ತು ನಿಮಿಷಕ್ಕೊಮ್ಮೆ ಟ್ರೇಗೆ ಹೋಗಿ ಬರುತ್ತೆ, ಮೂತ್ರ ಮಾಡುವ ಜಾಗವನ್ನು ಬಿಡದೆ ನೆಕ್ಕುತ್ತೆ, ಕೂಗುತ್ತೆ, ಬಚ್ಚಲಲ್ಲೋ ಸಿಂಕಿನಲ್ಲೋ ಕೂರುತ್ತೆ. ಅನುಮಾನ ಉಳಿದರೂ ಮೂತ್ರದ ತೊಂದರೆ ಎಂದೇ ತಿಳಿದು ಆಸ್ಪತ್ರೆಗೆ ಹೊರಡಿ. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿಯೇ ಎರಡರಲ್ಲಿ ಯಾವುದು ಎಂದು ಹೇಳಬಲ್ಲರು.

ಮಲಬದ್ಧತೆಯ ಲಕ್ಷಣಗಳೇನು?

ಆರೋಗ್ಯವಾಗಿರುವ ಬೆಕ್ಕು ಸಾಮಾನ್ಯವಾಗಿ ದಿನಕ್ಕೆ ಒಂದು ಸಲ ಮಲ ಮಾಡುತ್ತೆ. ಕೆಲವಕ್ಕೆ ಎರಡು ಸಲ, ಕೆಲವಕ್ಕೆ ದಿನ ಬಿಟ್ಟು ದಿನ. ಮಲ ಕಂದು ಬಣ್ಣದ್ದಾಗಿ, ಉದ್ದಕ್ಕೆ, ಮರಳು ಅಂಟಿಕೊಳ್ಳುವಷ್ಟು ತೇವವಾಗಿ ಇರಬೇಕು. ಒಣಗಿ, ಗಟ್ಟಿಯಾಗಿ, ತುಂಡು ತುಂಡಾಗಿ, ಮರಳೂ ಅಂಟದ ಹಾಗೆ ಬಿದ್ದಿದ್ದರೆ ನೀರು ಕಮ್ಮಿಯಾಗಿದೆ ಎಂದರ್ಥ.

ಟ್ರೇನಲ್ಲಿ ತುಂಬಾ ಹೊತ್ತು ಕೂರುವುದು, ಅರ್ಧಕ್ಕೇ ಎದ್ದು ಓಡುವುದು, ಟ್ರೇ ಬಿಟ್ಟು ಬೇರೆ ಕಡೆ ಮಲ ಮಾಡುವುದು, ತಿಣುಕಿದ ಮೇಲೆ ವಾಂತಿ ಮಾಡುವುದು, ಊಟ ಕಮ್ಮಿ ಮಾಡುವುದು, ಮೈ ನೆಕ್ಕಿಕೊಳ್ಳದೆ ಕೂದಲು ಒರಟಾಗುವುದು ಇದರ ಲಕ್ಷಣಗಳು.

ಒಂದು ವಿಷಯದಲ್ಲಿ ಮಾತ್ರ ಮೋಸ ಹೋಗಬೇಡಿ. ಒಳಗೆ ಗಟ್ಟಿ ಮಲ ಅಡ್ಡ ಕೂತಿದ್ದಾಗ ಅದರ ಪಕ್ಕದಿಂದ ಸ್ವಲ್ಪ ನೀರಿನಂಥ ಮಲ, ಕೆಲವೊಮ್ಮೆ ರಕ್ತದ ಗೆರೆ ಸೋರಿ ಬರುತ್ತೆ. ಅದನ್ನು ನೋಡಿ ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಇನ್ನೂ ಬಿಗಿಯಾಗುತ್ತೆ.

ಉದ್ದ ಕೂದಲಿನ ಪರ್ಷಿಯನ್ ಬೆಕ್ಕಿದ್ದರೆ ಬಾಲ ಎತ್ತಿ ನೋಡಿ. ಗುದದ್ವಾರದ ಸುತ್ತಲಿನ ಕೂದಲು ಮಲದ ಜೊತೆ ಗಂಟುಕಟ್ಟಿ ದಾರಿಯನ್ನೇ ಮುಚ್ಚಿರಬಹುದು. ಒಳಗೆ ಏನೂ ತೊಂದರೆ ಇರುವುದಿಲ್ಲ. ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ ಬಿಡಿಸಿ. ಬರದಿದ್ದರೆ ಡಾಕ್ಟರ್ ಹತ್ತಿರ ಟ್ರಿಮ್ಮರ್‌ನಲ್ಲಿ ತೆಗೆಸಿ. ಕತ್ತರಿ ಹಾಕಬೇಡಿ, ಅಲ್ಲಿನ ಚರ್ಮ ತೆಳು.

ಊಟ ಬಿಟ್ಟರೆ ಯಾಕೆ ಅಷ್ಟು ಭಯ?

ಊಟ ಇಲ್ಲದಾಗ ದೇಹ ತನ್ನ ಕೊಬ್ಬನ್ನು ಕರಗಿಸಿ ಶಕ್ತಿ ಮಾಡಿಕೊಳ್ಳುತ್ತೆ. ಕರಗಿದ ಕೊಬ್ಬು ಲಿವರ್‌ಗೆ ಬರುತ್ತೆ. ಬೆಕ್ಕಿನ ಲಿವರ್‌ಗೆ ಅಷ್ಟು ಕೊಬ್ಬನ್ನು ಒಟ್ಟಿಗೆ ನಿಭಾಯಿಸುವ ಶಕ್ತಿ ಇಲ್ಲ. ಕೊಬ್ಬು ಅಲ್ಲೇ ತುಂಬಿಕೊಂಡು ಲಿವರ್ ಸೋಲುತ್ತೆ. ಡಾಕ್ಟರುಗಳು ಇದನ್ನು ಫ್ಯಾಟಿ ಲಿವರ್ ಅಥವಾ ಹೆಪಾಟಿಕ್ ಲಿಪಿಡೋಸಿಸ್ ಅಂತಾರೆ. ಮೈ ತುಂಬಿಕೊಂಡ ಬೆಕ್ಕಿಗೇ ಅಪಾಯ ಜಾಸ್ತಿ. ‘ದಪ್ಪ ಇದೆ, ಎರಡು ದಿನ ತಿನ್ನದಿದ್ರೆ ಒಳ್ಳೇದೇ’ ಎನ್ನುವ ಲೆಕ್ಕ ಇಲ್ಲಿ ಉಲ್ಟಾ ಆಗುತ್ತೆ.

ಕಿವಿಯ ಒಳಭಾಗ, ಒಸಡು, ಕಣ್ಣಿನ ಬಿಳಿ ಭಾಗ ಹಳದಿಯಾಗಿದ್ದರೆ ಅದು ಕಾಮಾಲೆ. ಅಷ್ಟಾದ ಮೇಲೆ ಬೆಕ್ಕನ್ನು ಆಸ್ಪತ್ರೆಯಲ್ಲಿಟ್ಟು ಟ್ಯೂಬ್ ಮೂಲಕ ವಾರಗಟ್ಟಲೆ ಊಟ ಕೊಡಬೇಕಾಗಿ ಬರಬಹುದು.

ಹೊಟ್ಟೆ ಕಟ್ಟುವುದಕ್ಕೂ ಊಟ ಬಿಡುವುದಕ್ಕೂ ಸಂಬಂಧ ಎರಡೂ ಕಡೆಯಿಂದ ಇದೆ. ಮಲ ತುಂಬಿಕೊಂಡಾಗ ಹೊಟ್ಟೆ ತೊಳೆಸಿದ ಹಾಗಾಗಿ ಬೆಕ್ಕು ತಿನ್ನುವುದಿಲ್ಲ. ತಿನ್ನದಿದ್ದಾಗ ಊಟದ ಜೊತೆ ಹೋಗಬೇಕಿದ್ದ ನೀರೂ ಹೋಗುವುದಿಲ್ಲ, ದೊಡ್ಡ ಕರುಳು ಇದ್ದಬದ್ದ ನೀರನ್ನೂ ಹೀರಿ ಮಲವನ್ನು ಇನ್ನೂ ಗಟ್ಟಿ ಮಾಡುತ್ತೆ. ಅದಕ್ಕೇ ಮಲದ ಚಿಂತೆಯ ಜೊತೆಗೆ ಊಟದ ಚಿಂತೆಯನ್ನೂ ಅವತ್ತೇ ಮಾಡಬೇಕು.

ಬೆಕ್ಕಿಗೆ ಹೊಟ್ಟೆ ಕಟ್ಟುವುದು ಯಾಕೆ?

ನೀರು ಕಮ್ಮಿಯಾಗುವುದೇ ಮೊದಲ ಕಾರಣ. ಸಾಕು ಬೆಕ್ಕಿನ ಮೂಲ ಒಣಭೂಮಿಯ ಕಾಡುಬೆಕ್ಕು. ಅವು ಇಲಿ, ಹಕ್ಕಿ ಹಿಡಿದು ತಿಂದು ಅದರ ಮೈಯ ನೀರಿನಲ್ಲೇ ಬದುಕುತ್ತಿದ್ದವು. ಹಾಗಾಗಿ ಬೆಕ್ಕಿಗೆ ಬಾಯಾರಿಕೆ ಗೊತ್ತಾಗುವುದೇ ತಡ. ಇಲಿಯ ಮೈಯಲ್ಲಿ ಸುಮಾರು 70 ಭಾಗ ನೀರು. ಅಂಗಡಿಯಲ್ಲಿ ಸಿಗುವ ಒಣ ಕಾಳಿನಂಥ ಫುಡ್‌ನಲ್ಲಿ 100ಕ್ಕೆ 10 ಭಾಗದಷ್ಟೂ ನೀರಿಲ್ಲ. ಪೌಚ್‌ನಲ್ಲಿ ಬರುವ ಮೆತ್ತನೆ ಫುಡ್‌ನಲ್ಲಿ 75ರಿಂದ 80 ಭಾಗ ನೀರೇ. 4 ಕೆ.ಜಿ. ತೂಕದ ಬೆಕ್ಕಿಗೆ ಊಟದಲ್ಲಿರುವುದೂ ಸೇರಿ ದಿನಕ್ಕೆ ಸುಮಾರು 200 ಮಿ.ಲೀ. ನೀರು ಬೇಕು. ಬರೀ ಒಣ ಫುಡ್ ತಿಂದು ಬಟ್ಟಲಿನ ನೀರನ್ನು ನಾಲ್ಕು ಸಲ ನೆಕ್ಕಿದರೆ ಅದು ಸಾಲದು.

ಮಿಕ್ಕ ಕಾರಣಗಳು:

• ಕೂದಲು: ಮೈ ನೆಕ್ಕುವಾಗ ನುಂಗಿದ ಕೂದಲು ಮಲದ ಜೊತೆ ಸೇರಿ ಬಿಗಿಯಾಗುತ್ತೆ.

• ಮೂಳೆ: ಕೋಳಿ ಮೂಳೆ, ಮೀನಿನ ತಲೆ ಹೆಚ್ಚು ತಿಂದರೆ ಮಲ ಸುಣ್ಣದ ಗಟ್ಟಿಯಂತಾಗುತ್ತೆ. ಮೂಳೆ ಚುಚ್ಚಿಕೊಳ್ಳುವ ಅಪಾಯವೂ ಇದೆ.

• ದಾರ: ಹೂ ಕಟ್ಟಿದ ದಾರ, ಹೊಲಿಗೆ ನೂಲು, ರಬ್ಬರ್ ಬ್ಯಾಂಡ್. ಇವು ಕರುಳಿಗೆ ಸಿಕ್ಕಿದರೆ ಆಪರೇಷನ್ನೇ ಬೇಕಾಗಬಹುದು.

• ಹಳೇ ಪೆಟ್ಟು: ಬೈಕಿಗೆ ಸಿಕ್ಕಿಯೋ ಮೇಲಿಂದ ಬಿದ್ದೋ ಸೊಂಟದ ಮೂಳೆ ಮುರಿದು ವಕ್ರವಾಗಿ ಕೂಡಿದ್ದರೆ ಮಲ ಹೋಗುವ ದಾರಿ ಕಿರಿದಾಗಿರುತ್ತೆ. ಪೆಟ್ಟು ವಾಸಿಯಾಗಿ ತಿಂಗಳುಗಳಾದ ಮೇಲೆ ತೊಂದರೆ ಕಾಣಿಸಿಕೊಳ್ಳಬಹುದು.

• ವಯಸ್ಸು: ಕಿಡ್ನಿ ಕಾಯಿಲೆ ಇದ್ದರೆ ಮೈಯ ನೀರೆಲ್ಲ ಮೂತ್ರದಲ್ಲಿ ಹೋಗುತ್ತೆ. ಕೀಲುನೋವಿದ್ದರೆ ಟ್ರೇನಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಏಳೆಂಟು ವರ್ಷ ದಾಟಿದ ಬೆಕ್ಕಿಗೆ ಪದೇ ಪದೇ ಹೊಟ್ಟೆ ಕಟ್ಟಿದರೆ ರಕ್ತ ಪರೀಕ್ಷೆ ಮಾಡಿಸಿ.

• ಮನಸ್ಸಿಗೆ ಹಿಡಿಸದ ಜಾಗ: ಟ್ರೇ ಗಲೀಜು, ಪಕ್ಕದಲ್ಲೇ ವಾಷಿಂಗ್ ಮಷಿನ್ ಸದ್ದು, ಮನೆಗೆ ಹೊಸ ಬೆಕ್ಕು ಅಥವಾ ನಾಯಿ ಬಂದದ್ದು. ಆಗ ಬೆಕ್ಕು ಮಲ ಹಿಡಿದುಕೊಳ್ಳುತ್ತೆ.

ನಮ್ಮ ಜಿಲ್ಲೆಯಲ್ಲಿ ಎರಡು ಕಾಲದಲ್ಲಿ ಎಚ್ಚರ ಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ ಕಡೆ ಬೆಕ್ಕಿನ ಮೈ ನೀರು ಬೇಗ ಬತ್ತುತ್ತೆ. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ವಾರಗಟ್ಟಲೆ ಮಳೆ ಹಿಡಿದಾಗ ತೋಟಕ್ಕೆ ಹೋಗಿ ಮಣ್ಣು ಕೆರೆದು ಬರುವ ಅಭ್ಯಾಸದ ಬೆಕ್ಕಿಗೆ ಒಣ ಜಾಗವೇ ಇರುವುದಿಲ್ಲ. ಒಲೆ ಪಕ್ಕ ಮುದುಡಿ ಮಲಗಿ ಹಿಡಿದುಕೊಂಡೇ ಇರುತ್ತೆ. ಹೊರಗೆ ಹೋಗುವ ಬೆಕ್ಕಾದರೂ ಮಳೆಗಾಲಕ್ಕೆ ಜಗಲಿಯಲ್ಲೋ ಕೊಟ್ಟಿಗೆ ಮೂಲೆಯಲ್ಲೋ ಒಣ ಮಣ್ಣಿನ ಒಂದು ಡಬ್ಬಿ ಇಡಿ.

ಮನೆಯಲ್ಲಿ ಏನು ಮಾಡಬಹುದು?

ಇದು ತೊಂದರೆ ಶುರುವಾದ ಮೊದಲ ದಿನದ ಮಾತು. ಬೆಕ್ಕು ಓಡಾಡಿಕೊಂಡಿದೆ, ವಾಂತಿ ಇಲ್ಲ, ಮೂತ್ರ ಸರಿ ಹೋಗುತ್ತಿದೆ, ಊಟ ಕಮ್ಮಿಯಾದರೂ ಪೂರ್ತಿ ಬಿಟ್ಟಿಲ್ಲ ಎಂದಾದರೆ ಮಾತ್ರ.

1. ನೀರು ಒಳಗೆ ಹೋಗಲಿ. ಕೋಳಿ ಅಥವಾ ಮೀನು ಬೇಯಿಸಿದ ನೀರನ್ನು ಆರಿಸಿ ಕೊಡಿ. ಉಪ್ಪು, ಖಾರ, ಅರಿಶಿನ ಏನೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ, ಅವು ಬೆಕ್ಕಿನ ರಕ್ತಕಣ ಒಡೆಯುತ್ತವೆ. ಅಗಲ ಬಾಯಿಯ ಎರಡು ಮೂರು ಬಟ್ಟಲಲ್ಲಿ ನೀರು ತುಂಬಿ ಮನೆಯ ಬೇರೆ ಬೇರೆ ಕಡೆ ಇಡಿ. ಟ್ರೇ ಪಕ್ಕ ಇಟ್ಟ ನೀರನ್ನು ಬೆಕ್ಕು ಮುಟ್ಟುವುದು ಕಮ್ಮಿ.

2. ಮೆತ್ತನೆ ಊಟ ಕೊಡಿ. ಒಣ ಫುಡ್ ಒಂದೆರಡು ದಿನ ನಿಲ್ಲಿಸಿ ಪೌಚ್ ಫುಡ್‌ಗೆ ಒಂದೆರಡು ಚಮಚ ಬಿಸಿನೀರು ಸೇರಿಸಿ ಕಲಸಿ ಕೊಡಿ. ಬೆಕ್ಕು ಒಣ ಫುಡ್ ಬಿಟ್ಟು ಬೇರೆ ಮುಟ್ಟುವುದೇ ಇಲ್ಲ ಎಂದಾದರೆ ಅದನ್ನೇ ಬಿಸಿನೀರಲ್ಲಿ ನೆನೆಸಿ ಕೊಡಿ. ಈಗ ಏನನ್ನಾದರೂ ತಿನ್ನುವುದು ಮುಖ್ಯ.

3. ಊಟ ಬೆಚ್ಚಗಿರಲಿ. ಬೆಕ್ಕು ವಾಸನೆ ನೋಡಿ ತಿನ್ನುವ ಪ್ರಾಣಿ. ಫ್ರಿಡ್ಜಿನಿಂದ ತೆಗೆದ ಊಟಕ್ಕೆ ವಾಸನೆ ಇರುವುದಿಲ್ಲ. ಕೈಗೆ ಉಗುರು ಬೆಚ್ಚಗೆ ತಾಗುವಷ್ಟು ಬಿಸಿ ಮಾಡಿ. ಮುಳ್ಳು ತೆಗೆದ ಬೇಯಿಸಿದ ಬಂಗುಡೆ ಅಥವಾ ಭೂತಾಯಿಯ ಒಂದು ಚೂರನ್ನು ಮೇಲೆ ಉದುರಿಸಿ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಒದ್ದೆ ಬಟ್ಟೆಯಲ್ಲಿ ಮೂಗು ಒರೆಸಿ. ವಾಸನೆ ತಿಳಿಯದ ಬೆಕ್ಕು ತಿನ್ನುವುದಿಲ್ಲ.

4. ಸ್ವಲ್ಪ ಸ್ವಲ್ಪವೇ, ಹಲವು ಸಲ ಕೊಡಿ. ಚಿಕ್ಕ ತಟ್ಟೆಯಲ್ಲಿ ಎರಡು ಚಮಚ ಇಟ್ಟು 20 ನಿಮಿಷ ಬಿಟ್ಟು ತೆಗೆಯಿರಿ. ಎರಡು ಮೂರು ಗಂಟೆ ಬಿಟ್ಟು ಮತ್ತೆ ಹೊಸದಾಗಿ ಇಡಿ. ಹಳಸಿದ ಊಟ ಮುಂದೆಯೇ ಇದ್ದರೆ ಹೊಟ್ಟೆ ತೊಳೆಸುವ ಬೆಕ್ಕಿಗೆ ಇನ್ನೂ ಅಸಹ್ಯವಾಗುತ್ತೆ.

5. ಸಿಹಿಗುಂಬಳ, ನಮ್ಮ ಮಲೆನಾಡು ಕಡೆ ಚೀನಿಕಾಯಿ. ಬರೀ ನೀರಲ್ಲಿ ಬೇಯಿಸಿ ನುರಿದು ಅರ್ಧದಿಂದ ಒಂದು ಟೀ ಚಮಚ ಮೆತ್ತನೆ ಊಟಕ್ಕೆ ಸೇರಿಸಬಹುದು. ಉಪ್ಪು, ಬೆಲ್ಲ ಬೇಡ. ಬೆಕ್ಕು ಚೆನ್ನಾಗಿ ನೀರು ಕುಡಿಯುತ್ತಿದ್ದರೆ ಮಾತ್ರ ನಾರು ಉಪಯೋಗಕ್ಕೆ ಬರುತ್ತೆ. ಮೈಯಲ್ಲಿ ನೀರಿಲ್ಲದಾಗ, ಒಳಗೆ ಮಲ ಅಡ್ಡ ಕೂತಿರುವಾಗ ನಾರು ತುಂಬಿದರೆ ಗಡ್ಡೆ ಇನ್ನೂ ದೊಡ್ಡದಾಗುತ್ತೆ.

6. ಟ್ರೇ ತೊಳೆದು, ಮರಳು ಬದಲಿಸಿ, ಸದ್ದಿಲ್ಲದ ಜಾಗದಲ್ಲಿಡಿ. ವಯಸ್ಸಾದ ಬೆಕ್ಕಿಗೆ ಅಂಚು ತಗ್ಗಾಗಿರುವ ಟ್ರೇ ಬೇಕು.

7. ಸ್ವಲ್ಪ ಆಟ ಆಡಿಸಿ. ಓಡಾಡಿದರೆ ಕರುಳೂ ಕದಲುತ್ತೆ. ಹೊಟ್ಟೆ ಒತ್ತಿ ತಿಕ್ಕಬೇಡಿ.

ಮೈಯಲ್ಲಿ ನೀರಿದೆಯಾ ಅಂತ ನೋಡುವುದು ಸುಲಭ. ಒಸಡಿಗೆ ಬೆರಳು ತಾಗಿಸಿ. ಒದ್ದೆಯಾಗಿ ಜಾರಿದರೆ ಪರವಾಗಿಲ್ಲ, ಅಂಟಂಟಾಗಿದ್ದರೆ ನೀರು ಕಮ್ಮಿ. ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ತಕ್ಷಣ ಕೆಳಗಿಳಿಯದೆ ನಿಂತರೆ ಮನೆಮದ್ದಿನ ಹಂತ ದಾಟಿದೆ, ಡ್ರಿಪ್ ಬೇಕು. ವಯಸ್ಸಾದ, ಸೊರಗಿದ ಬೆಕ್ಕಿನ ಚರ್ಮ ಹೇಗೂ ಸಡಿಲ, ಅವಕ್ಕೆ ಒಸಡನ್ನೇ ನೋಡಿ.

ಇವನ್ನು ಮಾಡಲೇಬೇಡಿ

ನಮ್ಮ ಮನೆಗಳಲ್ಲಿ ಎಳೆ ಮಕ್ಕಳಿಗೆ ಹೊಟ್ಟೆ ಕಟ್ಟಿದಾಗ ಮಾಡುವ ಮದ್ದುಗಳನ್ನೇ ಬೆಕ್ಕಿಗೂ ಮಾಡುವುದುಂಟು. ಹೆಚ್ಚಿನ ಅನಾಹುತ ಇಲ್ಲೇ.

ವೀಳ್ಯದೆಲೆ ತೊಟ್ಟು, ಸೋಪಿನ ಚೂರು: ಎಣ್ಣೆ ಹಚ್ಚಿ ಗುದದ್ವಾರಕ್ಕೆ ಇಡುವುದು ಬೇಡ. ಬೆಕ್ಕು ಒದ್ದಾಡುವಾಗ ಒಳಗಿನ ತೆಳು ಪದರ ಹರಿಯಬಹುದು, ಸೋಪಿನಿಂದ ಉರಿಯಾಗುತ್ತೆ.

ಹರಳೆಣ್ಣೆ: ಕರುಳನ್ನು ಕೆರಳಿಸಿ ಕೆಲಸ ಮಾಡುವ ಮದ್ದು ಇದು. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ನೂಕಿದರೆ ನೋವು, ವಾಂತಿ ಜಾಸ್ತಿ. ಭೇದಿಯಾಗಿ ಇದ್ದ ನೀರೂ ಹೋಗುತ್ತೆ.

ಲಿಕ್ವಿಡ್ ಪ್ಯಾರಾಫಿನ್ ಬಾಯಿಗೆ ಸುರಿಯುವುದು: ಇದಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಬಾಯಿಗೆ ಬಿದ್ದದ್ದು ಬೆಕ್ಕಿಗೆ ಗೊತ್ತಾಗದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ಬೇರೆ ಎಣ್ಣೆಗಳನ್ನೂ ಹೀಗೆ ಬಲವಂತವಾಗಿ ಸುರಿಯಬೇಡಿ.

ಮನುಷ್ಯರ ಎನಿಮಾ ಬಾಟಲಿ: ಮೆಡಿಕಲ್ ಶಾಪ್‌ನಲ್ಲಿ ಸಿಗುವ ಫಾಸ್ಫೇಟ್ ಎನಿಮಾ ಬೆಕ್ಕಿಗೆ ವಿಷ ಅಂತಲೇ ತಿಳಿಯಿರಿ. ಫಾಸ್ಫೇಟ್ ರಕ್ತಕ್ಕೆ ಸೇರಿ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬಂದು ಸಾಯಬಹುದು.

ಜ್ವರ, ನೋವಿನ ಮಾತ್ರೆ: ‘ನೋವಿಗೆ ಇರಲಿ’ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ. 500 ಮಿ.ಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಮಕ್ಕಳ ಸಿರಪ್ ಕೂಡ ಬೇಡ.

ಹಾಲು: ‘ಹಾಲು ಕುಡಿದ್ರೆ ಸಡಿಲ ಆಗುತ್ತೆ’ ಅನ್ನೋರಿದ್ದಾರೆ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ. ಗ್ಯಾಸ್, ಹೊಟ್ಟೆನೋವು, ಭೇದಿ ಆಗುತ್ತೆ, ಗಟ್ಟಿ ಮಲ ಅಲ್ಲೇ ಇರುತ್ತೆ.

ತುಪ್ಪ, ಬೆಣ್ಣೆ: ಸಣ್ಣ ಕರುಳಿನಲ್ಲೇ ಅರಗಿಹೋಗುತ್ತೆ. ಮಲ ಕೂತಿರುವ ದೊಡ್ಡ ಕರುಳಿನ ತನಕ ಜಾರಿಕೊಂಡು ಬರುವುದಿಲ್ಲ.

ಒಣದ್ರಾಕ್ಷಿ ನೆನೆಸಿದ ನೀರು: ದ್ರಾಕ್ಷಿ ನಾಯಿಗಳ ಕಿಡ್ನಿ ಕೆಡಿಸುತ್ತೆ. ಬೆಕ್ಕಿನ ಮೇಲೂ ಪ್ರಯೋಗ ಬೇಡ.

ಬಾಯಿ ಬಿಡಿಸಿ ತುರುಕುವುದು: ಬಲವಂತ ಮಾಡಿದರೆ ಊಟ ಶ್ವಾಸನಾಳಕ್ಕೆ ಹೋಗಬಹುದು. ಆಮೇಲೆ ಬೆಕ್ಕು ಆ ಊಟ ಕಂಡರೇ ಓಡುತ್ತೆ. ಸಿರಿಂಜಿನಲ್ಲಿ ಊಟ ಕೊಡುವುದಿದ್ದರೆ ಡಾಕ್ಟರ್ ಹತ್ತಿರ ಕಲಿತು ಕೊಡಿ.

ದಾರ ಎಳೆಯುವುದು: ಬಾಯಲ್ಲೋ ಗುದದ್ವಾರದಲ್ಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಇನ್ನೊಂದು ತುದಿ ಒಳಗೆ ಸಿಕ್ಕಿಕೊಂಡಿದ್ದರೆ ಕರುಳು ಕೊಯ್ದುಹೋಗುತ್ತೆ. ಹಾಗೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಡಾಕ್ಟರ್ ಮೊದಲು ಹೊಟ್ಟೆ ಮುಟ್ಟಿ ಮಲದ ಗಡ್ಡೆ ಎಷ್ಟು ದೊಡ್ಡದು, ಮೂತ್ರಕೋಶ ತುಂಬಿದೆಯಾ ಅಂತ ನೋಡುತ್ತಾರೆ. ಅಗತ್ಯ ಬಿದ್ದರೆ ಎಕ್ಸ್‌ರೇ ತೆಗೆಸುತ್ತಾರೆ. ಮೂಳೆ, ಸೊಂಟದ ಹಳೇ ಮುರಿತ, ಕರುಳು ಎಷ್ಟು ಹಿಗ್ಗಿದೆ ಎಲ್ಲವೂ ಅದರಲ್ಲಿ ಕಾಣುತ್ತೆ. ರಕ್ತ ಪರೀಕ್ಷೆಯಲ್ಲಿ ಕಿಡ್ನಿ, ಲಿವರ್, ಪೊಟ್ಯಾಸಿಯಂ ಪ್ರಮಾಣ ತಿಳಿಯುತ್ತೆ.

ಚಿಕಿತ್ಸೆ ಸಾಮಾನ್ಯವಾಗಿ ಡ್ರಿಪ್‌ನಿಂದ ಶುರು. ನೀರು ತುಂಬದೆ ಮಲ ತೆಗೆಯಲು ಹೋದರೆ ಬೆಕ್ಕಿಗೆ ಹಿಂಸೆ. ಆಮೇಲೆ ಬೆಚ್ಚಗಿನ ನೀರಿನ ಎನಿಮಾ. ತೀರಾ ಗಟ್ಟಿಯಾಗಿದ್ದರೆ ಅರಿವಳಿಕೆ ಕೊಟ್ಟು ಕೈಯಿಂದ ತೆಗೆಯುತ್ತಾರೆ. ಮನೆಗೆ ಲ್ಯಾಕ್ಟುಲೋಸ್ ಸಿರಪ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಬರೆದುಕೊಡಬಹುದು. ಎರಡೂ ಮಲಕ್ಕೆ ನೀರು ಎಳೆದು ಮೆತ್ತಗೆ ಮಾಡುತ್ತವೆ. ಕರುಳಿನ ಚಲನೆಗೆ ಸಿಸಾಪ್ರೈಡ್, ಹೊಟ್ಟೆ ತೊಳೆಸುವುದಕ್ಕೆ ಮರೋಪಿಟೆಂಟ್, ಹಸಿವಿಗೆ ಮಿರ್ಟಾಜಪಿನ್ ಕೊಡುವುದೂ ಇದೆ. ಎಲ್ಲವೂ ತೂಕ, ಕಿಡ್ನಿಯ ಸ್ಥಿತಿ ನೋಡಿ ಕೊಡುವಂಥವು. ಪಕ್ಕದ ಮನೆ ಬೆಕ್ಕಿಗೆ ಬರೆದ ಚೀಟಿ ತಂದು ಕೊಡಬೇಡಿ.

ತಡ ಮಾಡಿದರೆ ಏನಾಗುತ್ತೆ? ಮಲ ತುಂಬಿ ತುಂಬಿ ದೊಡ್ಡ ಕರುಳು ಹಿಗ್ಗಿ, ಅದರ ಸ್ನಾಯು ಬಲ ಕಳೆದುಕೊಳ್ಳುತ್ತೆ. ಇದಕ್ಕೆ ಮೆಗಾಕೋಲನ್ ಎನ್ನುತ್ತಾರೆ. ಹಿಗ್ಗಿದ ಕರುಳು ಮೊದಲಿನಂತಾಗುವುದು ಕಷ್ಟ. ಔಷಧಕ್ಕೆ ಬಗ್ಗದಿದ್ದರೆ ದೊಡ್ಡ ಕರುಳಿನ ಬಹುಭಾಗವನ್ನು ಕತ್ತರಿಸಿ ತೆಗೆಯುವ ಆಪರೇಷನ್ ಉಳಿಯುತ್ತೆ. ತಿಂಗಳಿಗೊಮ್ಮೆ ಹೊಟ್ಟೆ ಕಟ್ಟುತ್ತಿದ್ದರೆ ಪ್ರತಿ ಸಲ ಎನಿಮಾ ಮಾಡಿಸಿ ಸುಮ್ಮನಾಗದೆ ಕಾರಣ ಹುಡುಕಿಸಬೇಕು.

ಜಿಲ್ಲೆಯಲ್ಲಿ ಎಲ್ಲಿ ತೋರಿಸಬಹುದು?

ತಾಲೂಕು ಕೇಂದ್ರಗಳಲ್ಲಿ ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಆಸ್ಪತ್ರೆಗಳಿವೆ. ದನ, ಎಮ್ಮೆಗೆ ಮಾತ್ರ ಎಂದು ಕೆಲವರು ಅಂದುಕೊಂಡಿದ್ದಾರೆ. ನಾಯಿ, ಬೆಕ್ಕನ್ನೂ ಅಲ್ಲಿ ತೋರಿಸಬಹುದು. ಎಕ್ಸ್‌ರೇ, ಆಪರೇಷನ್ ಬೇಕು ಎಂದಾದರೆ ಶಿವಮೊಗ್ಗಕ್ಕೆ ಬರಬೇಕಾಗಬಹುದು. ಇಲ್ಲಿ ವಿನೋಬನಗರದಲ್ಲಿ ಪಶು ವೈದ್ಯಕೀಯ ಕಾಲೇಜು ಇದೆ. ಬೀದರ್‌ನ ಕರ್ನಾಟಕ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಡಿಯ ಕಾಲೇಜು ಇದು. ಹೊರಡುವ ಮೊದಲು ಫೋನ್ ಮಾಡಿ ಡಾಕ್ಟರ್ ಇದ್ದಾರಾ, ಬೆಕ್ಕಿಗೆ ಎಕ್ಸ್‌ರೇ ಆಗುತ್ತಾ ಕೇಳಿಕೊಳ್ಳಿ. 1962 ಸಹಾಯವಾಣಿಯ ಸಂಚಾರಿ ವಾಹನ ಮುಖ್ಯವಾಗಿ ಜಾನುವಾರುಗಳಿಗಾಗಿ ಇರುವುದು. ಬೆಕ್ಕಿಗೆ ಅದನ್ನೇ ಕಾಯುತ್ತಾ ಕೂರಬೇಡಿ.

ದೂರದ ಲೆಕ್ಕವೂ ತಲೆಯಲ್ಲಿರಲಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಸಾಗರದಿಂದ ಸುಮಾರು 70 ಕಿ.ಮೀ. ಒಳಗಿನ ಹಳ್ಳಿಗಳಿಂದ ಇನ್ನೂ ಜಾಸ್ತಿ. ‘ನಾಳೆ ಬೆಳಗ್ಗೆ ನೋಡೋಣ’ ಅಂದರೆ ಬಸ್ ಹಿಡಿದು ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತೆ. ಶನಿವಾರ ಬೆಕ್ಕು ಊಟ ಬಿಟ್ಟರೆ ಶನಿವಾರವೇ ಫೋನ್ ಮಾಡಿ, ಭಾನುವಾರ ಡಾಕ್ಟರ್ ಸಿಗುವುದು ಕಷ್ಟ.

ಬೆಕ್ಕನ್ನು ಕೈಯಲ್ಲಿ ಹಿಡಿದು ಬೈಕಿನಲ್ಲಿ ತರಬೇಡಿ. ಹಾರ್ನ್ ಸದ್ದಿಗೆ ಜಿಗಿದು ಕಳೆದುಹೋಗುತ್ತೆ. ಕ್ಯಾರಿಯರ್ ಇಲ್ಲದಿದ್ದರೆ ಗಟ್ಟಿ ರಟ್ಟಿನ ಡಬ್ಬಿಗೆ ಗಾಳಿಯಾಡಲು ತೂತು ಮಾಡಿ, ಅದು ಮಲಗುವ ಬಟ್ಟೆ ಹಾಸಿ, ಮುಚ್ಚಿ ಹಗ್ಗ ಕಟ್ಟಿ. ಕೊನೆಗೆ ಬಿದ್ದ ಮಲದ ಫೋಟೊ, ಗಂಟೆಗಳ ಚೀಟಿ, ಕೊಟ್ಟ ಔಷಧದ ಪಟ್ಟಿ ಜೊತೆಗಿರಲಿ. ಮನೆಮದ್ದು ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ. ಡಾಕ್ಟರ್ ಬೈತಾರೆ ಅಂತ ಹೇಳದೇ ಇದ್ದರೆ ಚಿಕಿತ್ಸೆಯೇ ದಾರಿ ತಪ್ಪುತ್ತೆ.

ಮತ್ತೆ ಬಾರದಂತೆ ಏನು ಮಾಡಬೇಕು?

• ದಿನದಲ್ಲಿ ಒಂದು ಹೊತ್ತಾದರೂ ನೀರಿನಂಶ ಇರುವ ಊಟ ಕೊಡಿ.

• ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇಡಿ. ದಿನಾ ತೆಗೆದು ಸ್ವಚ್ಛ ಮಾಡಿ. ಆಗ ಮಲ ಹೋಗಿದೆಯೋ ಇಲ್ಲವೋ ಅಂತಲೂ ದಿನಾ ಗೊತ್ತಾಗುತ್ತೆ.

• ವಾರಕ್ಕೆರಡು ಮೂರು ಸಲ, ಉದ್ದ ಕೂದಲಿನದ್ದಕ್ಕೆ ದಿನಾ, ಮೈ ಬಾಚಿ.

• ತಿಂಗಳಿಗೊಮ್ಮೆ ತೂಕ ನೋಡಿ. ಬೆಕ್ಕನ್ನು ಎತ್ತಿಕೊಂಡು ನಿಂತು, ಆಮೇಲೆ ನೀವೊಬ್ಬರೇ ನಿಂತು ಕಳೆದರೆ ಆಯ್ತು.

• ಮುಡಿದು ಬಿಟ್ಟ ಹೂವಿನ ದಾರ, ಹೊಲಿಗೆ ನೂಲು ಡಬ್ಬಿಯೊಳಗಿರಲಿ.

• ಅಡಕೆ ತೋಟಕ್ಕೆ ಬೋರ್ಡೋ ಸಿಂಪಡಿಸಿದ ದಿನಗಳಲ್ಲಿ ಬೆಕ್ಕು ಅಲ್ಲಿನ ಹುಲ್ಲು ಕಚ್ಚದಂತೆ ಮನೆಯಲ್ಲೇ ಇರಿಸಿ.

ಸಾಮಾನ್ಯ ಪ್ರಶ್ನೆಗಳು

*ಮನೆಯಲ್ಲಿ ಅಜ್ಜಿಗೆ ತಂದ ಲ್ಯಾಕ್ಟುಲೋಸ್ ಸಿರಪ್ ಇದೆ, ಕೊಡಬಹುದಾ?*

ಔಷಧ ಅದೇ ಆದರೂ ಪ್ರಮಾಣ ಬೇರೆ. ಡಾಕ್ಟರ್‌ಗೆ ಫೋನ್ ಮಾಡಿ ಬೆಕ್ಕಿನ ತೂಕ ಹೇಳಿ, ಅವರು ಹೇಳಿದಷ್ಟೇ ಕೊಡಿ. ಸಕ್ಕರೆ ಕಾಯಿಲೆ ಇರುವ ಬೆಕ್ಕಾದರೆ ಅದನ್ನೂ ತಿಳಿಸಿ.

*ಇಸಬ್ಗೋಲ್ ಆಗುತ್ತಾ?*

ತೊಂದರೆ ಬಗೆಹರಿದ ಮೇಲೆ, ಮುಂದೆ ಬಾರದಿರಲಿ ಅಂತ ಡಾಕ್ಟರ್ ಹೇಳಬಹುದು. ಊಟ ಬಿಟ್ಟು, ನೀರು ಕುಡಿಯದೆ ಮಲಗಿರುವ ಬೆಕ್ಕಿಗೆ ಬೇಡ.

*ಸಂತಾನಹರಣ ಆಪರೇಷನ್ ಆಗಿ ಎರಡು ದಿನ ಆಯ್ತು, ಮಲ ಹೋಗಿಲ್ಲ.*

ಆಪರೇಷನ್‌ಗೆ ಮೊದಲು ಉಪವಾಸ ಇರಿಸುತ್ತಾರೆ, ಅರಿವಳಿಕೆ, ನೋವಿನ ಔಷಧದಿಂದ ಕರುಳು ನಿಧಾನವಾಗುತ್ತೆ. ತಿಂದುಕೊಂಡು ಚುರುಕಾಗಿದ್ದರೆ ಎರಡು ಮೂರು ದಿನ ಮಲ ಹೋಗದಿರುವುದು ಉಂಟು. ತಿನ್ನುತ್ತಿಲ್ಲ ಎಂದಾದರೆ ಆಪರೇಷನ್ ಮಾಡಿದವರಿಗೇ ತಿಳಿಸಿ.

*ಮಲ ಹೋಯ್ತು, ಆದರೂ ಊಟ ಮಾಡ್ತಿಲ್ಲ.*

ಹಾಗಿದ್ದರೆ ತೊಂದರೆ ಮಲದ್ದು ಮಾತ್ರ ಅಲ್ಲ. ಹಲ್ಲುನೋವು, ಬಾಯಿ ಹುಣ್ಣು, ಜ್ವರ, ಕಿಡ್ನಿ, ಲಿವರ್ ಯಾವುದೂ ಇರಬಹುದು. ಮಲ ಹೋದ ಸಮಾಧಾನದಲ್ಲಿ ಇನ್ನೊಂದು ದಿನ ಕಳೆಯಬೇಡಿ. ಊಟ ಬಿಟ್ಟ ಗಂಟೆಯ ಲೆಕ್ಕ ಇನ್ನೂ ನಡೆಯುತ್ತಲೇ ಇದೆ, ಅದು 24 ದಾಟಿದ್ದರೆ ತೋರಿಸಿಕೊಂಡು ಬನ್ನಿ.

(ಈ ಬರಹ ಸಾಮಾನ್ಯ ಮಾಹಿತಿಗಾಗಿ. ಪಶುವೈದ್ಯರ ತಪಾಸಣೆಗೆ ಇದು ಬದಲಿಯಲ್ಲ.)